ನಾರ್ವೆಯ ಕಾಡಲ್ಲ, ಮರ

ಪ್ರೀತಿಯ ತಮ್ಮಾ,

ನೀನು ಕಳಿಸಿದ ಅನುವಾದ ಓದಿದೆ. ಬೀಟಲ್ಸ್ ತಂಡದ ‘ನಾರ್ವೇಜಿಯನ್ ವುಡ್’ ನನಗೂ ತುಂಬಾ ಇಷ್ಟದ ಹಾಡು. 1965ರದ್ದು. ಜಾರ್ಜ್ ಹ್ಯಾರಿಸನ್ ಅದರಲ್ಲಿ ಸಿತಾರ್ ನುಡಿಸಿದ್ದಾರೆ ಅಂತಲೇ ನಾನು ಹುಡುಕಿಕೊಂಡು ಹೋಗಿ ಕೇಳಿದ್ದು.

ಆದರೆ ನಿನ್ನ ಶೀರ್ಷಿಕೆಯಲ್ಲೇ ಎಡವಿದೆ. ‘ನಾರ್ವೆಯ ಕಾಡು’. ನಿಘಂಟಿನ ಪ್ರಕಾರ ತಪ್ಪಲ್ಲ ಬಿಡು, ‘ವುಡ್’ ಅಂದರೆ ಕಾಡೂ ಹೌದು, ಮರವೂ ಹೌದು. ಜಪಾನಿನಲ್ಲೂ ಈ ಹಾಡಿಗೆ ಕಾಡು ಅನ್ನುವ ಹೆಸರೇ ಅಂಟಿಕೊಂಡಿದೆ. ಹರುಕಿ ಮುರಕಮಿ 1987ರ ತಮ್ಮ ಕಾದಂಬರಿಗೂ ಅದನ್ನೇ ಇಟ್ಟರು. ಆದರೂ ಹಾಡಿನೊಳಗೆ ಒಂದು ಸಲ ಕೂತು ನೋಡು. ನಡೆಯುವುದೆಲ್ಲ ಒಂದು ಮನೆಯೊಳಗೆ. ಎಲ್ಲಾದರೂ ಕೂತುಕೋ ಅನ್ನುತ್ತಾಳೆ ಹುಡುಗಿ, ನೋಡಿದರೆ ಒಂದು ಕುರ್ಚಿಯೂ ಇಲ್ಲ. ಹಾಡಿನಲ್ಲಿ ಕಥೆ ಹೇಳುವ ಇವನು ನೆಲದ ಹಾಸಿನ ಮೇಲೆ ಕೂತು ವೈನ್ ಕುಡಿಯುತ್ತಾನೆ. ರಾತ್ರಿ ಎರಡರ ತನಕ ಮಾತು. ಆಮೇಲೆ ಅವಳು ಬೆಳಿಗ್ಗೆ ಕೆಲಸ ಇದೆ ಅಂತ ನಗುತ್ತಾಳೆ, ಇವನು ಹೋಗಿ ಬಾತ್‌ಟಬ್ಬಿನಲ್ಲಿ ಮಲಗುತ್ತಾನೆ, ಪಾಪ. ಇದರಲ್ಲಿ ಕಾಡು ಎಲ್ಲಿಂದ ಬಂತು? ಆಗ ಗೋಡೆಗೆಲ್ಲ ಮರದ ಹಲಗೆ ಹೊಡೆಸುವ ಶೋಕಿ ಇತ್ತು, ಅದು ಬರೀ ಅಗ್ಗದ ಪೈನ್, ಹಾಡಿನಲ್ಲಿ ಅದನ್ನೇ ಗೇಲಿ ಮಾಡಿದ್ದು ಅಂತ ಬೀಟಲ್ಸ್ ತಂಡದವರೇ ಆದ ಪಾಲ್ ಮೆಕಾರ್ಟ್ನಿ ಹೇಳಿದ್ದಾರೆ.

ಹಾಗಂತ ‘ಹಲಗೆ’ ಅಂತ ಬರೆಯಬೇಡ. ನಮ್ಮಲ್ಲಿ ‘ಮರ’ ಇದೆಯಲ್ಲ! ಬೆಟ್ಟದಲ್ಲಿ ನಿಂತಿರುವುದೂ ಮರ, ‘ತೇಗದ ಮರದ ಬಾಗಿಲು’ ಅಂದಾಗಲೂ ಮರ. ‘ನಾರ್ವೆ ಮರ’ ಸಾಕು. ‘ಸೌದೆ’ ಅಂದರೆ ಕೊನೆಯ ಸಾಲಿನ ಗುಟ್ಟು ಮೊದಲೇ ರಟ್ಟಾಗುತ್ತದೆ.

ಮೊದಲ ಸಾಲು ‘ಐ ಒನ್ಸ್ ಹ್ಯಾಡ್ ಅ ಗರ್ಲ್, ಆರ್ ಶುಡ್ ಐ ಸೇ, ಶಿ ಒನ್ಸ್ ಹ್ಯಾಡ್ ಮಿ’. ಅದರ ‘ಹ್ಯಾಡ್’ ಇನ್ನೂ ಕಿಲಾಡಿ. ಅವಳು ನನ್ನವಳಾಗಿದ್ದಳು ಅಂತಲೂ ಆಗುತ್ತದೆ, ಮಾತು ತಿರುಗಿದಾಗ ಅವಳೇ ನನಗೆ ಟೋಪಿ ಹಾಕಿದಳು ಅಂತಲೂ. ನೀನು ‘ಹೊಂದಿದ್ದೆ’ ಅಂತ ಬರೆದಿದ್ದೀಯ. ಸೈಟು ಖರೀದಿ ಮಾಡಿದ ಹಾಗಿದೆ! ‘ನನಗೊಬ್ಬಳು ಸಿಕ್ಕಿದ್ದಳು, ಅಲ್ಲಲ್ಲ, ನಾನೇ ಅವಳ ಕೈಗೆ ಸಿಕ್ಕಿದ್ದೆ’ ಅಂದರೆ? ಸಿಗುವುದು, ಸಿಕ್ಕಿಬೀಳುವುದು ಎರಡೂ ನಮಗೆ ಒಂದೇ ಮಾತಿನಲ್ಲಿವೆ, ಅಲ್ವಾ. ಹಾಗೇ ಕೊನೆಯಲ್ಲಿ ಹಾರಿಹೋಗುವ ‘ಬರ್ಡ್’ಗೆ ‘ಪಕ್ಷಿ’ ಬೇಡ, ‘ಹಕ್ಕಿ’ ಇರಲಿ. ಆ ಕಾಲದ ಇಂಗ್ಲೆಂಡಿನ ಹುಡುಗರು ಹುಡುಗಿಗೆ ‘ಬರ್ಡ್’ ಅನ್ನುತ್ತಿದ್ದರು. ನಮ್ಮ ಕಾಲೇಜು ಕಟ್ಟೆಯ ಮೇಲೆ ಕೂತವರೇನು ಕಮ್ಮಿ?

ಇನ್ನು ಕೊನೆಗೆ ಬರುವ ಬೆಂಕಿ. ಬೆಳಿಗ್ಗೆ ಎದ್ದರೆ ಅವಳಿಲ್ಲ. ಇವನು ಬೆಂಕಿ ಹಚ್ಚುತ್ತಾನೆ. ಚಳಿಗೋ, ಮನೆಗೋ? ಸೇಡಿಗೆ ಮನೆಯನ್ನೇ ಸುಟ್ಟ ಅನ್ನುತ್ತಾರೆ ಮೆಕಾರ್ಟ್ನಿ. ಹಾಡು ಬಾಯಿ ಬಿಡುವುದಿಲ್ಲ. ನೀನು ಮಾತ್ರ ‘ಅವಳ ಮನೆಗೆ ಬೆಂಕಿ ಇಟ್ಟೆ’ ಅಂತ ಬರೆದು, ಸಾಲದು ಅಂತ ಅಡಿಟಿಪ್ಪಣಿಯನ್ನೂ ಹಾಕಿದ್ದೀಯ. ನಿನ್ನ ವಯಸ್ಸಿನಲ್ಲಿ ನನಗೂ ಈ ಚಟ ಇತ್ತು. ಓದುಗರಿಗೆ ತಿಳಿಯದೇ ಹೋದರೆ ಅಂತ ಭಯ, ಜೊತೆಗೆ ನನಗೆ ಗೊತ್ತು ಅಂತ ತೋರಿಸಿಕೊಳ್ಳುವ ಆಸೆ ಬೇರೆ.

ಕನ್ನಡದಲ್ಲಿ ಬೆಂಕಿ ಹಚ್ಚಿದೆ ಅಂದ ಕೂಡಲೇ ‘ಯಾವುದಕ್ಕೆ?’ ಅಂತ ಕೇಳುವ ಹಾಗಾಗುತ್ತದೆ. ಕೇಳಲಿ. ನೀನು ಹೇಳಬೇಡ. ‘ಅವಳ ಮನೆಗೆ’ ಅನ್ನುವುದನ್ನು ಹೊಡೆದುಹಾಕಿ, ‘ಬೆಂಕಿ ಹಚ್ಚಿದೆ’ ಅಂತಷ್ಟೇ ಉಳಿಸಿ, ಗಟ್ಟಿಯಾಗಿ ಹಾಡಿ ನೋಡು. ರಾಗಕ್ಕೆ ಕೂರದಿದ್ದರೆ ಭಾನುವಾರ ಫೋನ್ ಮಾಡು.

ನಿನ್ನ,
ಅಣ್ಣ