ಕಡಲ ಕೋಣೆಯ ಮಾಳಿಗೆ ಸೋರುತ್ತಿದೆ: ದೀಪಾವಳಿಯೊಳಗೆ ನಿಮ್ಮ ನೆರವು ಬೇಕು

ಗುರುಹಿರಿಯರಿಗೆ, ಹಳೆಯ ವಿದ್ಯಾರ್ಥಿಗಳಿಗೆ ಹಾಗೂ ಶಾಲೆಯ ಎಲ್ಲ ಅಭಿಮಾನಿಗಳಿಗೆ ಶರಣು.

ಕಳೆದ ವಾರದ ಜಡಿಮಳೆಗೆ ಹಳೆಯ ಕಟ್ಟಡದ ಮೂಲೆಯ ಕೋಣೆ, ಅಂದರೆ ಮಕ್ಕಳಿಗೆ ಕಡಲ ದಂಡೆಯ ಬದುಕನ್ನು ತೋರಿಸುವ, ನೀವೆಲ್ಲ ಬಲ್ಲ ‘ಕಡಲ ಕೋಣೆ’, ಸೋರಿ ಹಾಳಾಗಿದೆ. ಚಪ್ಪಡಿ ಕಲ್ಲುಗಳ ಸಂದಿನ ಗಾರೆ ಕಳಚಿ ನೀರು ನೇರವಾಗಿ ಒಳಗೆ ಇಳಿದಿದೆ. ಈ ಹಿಂದೆ ಮಾಳಿಗೆ ರಿಪೇರಿ ಮಾಡಿಕೊಟ್ಟ ಗುತ್ತಿಗೆದಾರರು ಹತ್ತು ವರ್ಷ ಹನಿ ನೀರೂ ಇಳಿಯುವುದಿಲ್ಲ ಎಂದಿದ್ದರು. ಈಗ ಅವರು ಫೋನ್ ಎತ್ತುತ್ತಿಲ್ಲ. ಅವರ ಬೆನ್ನು ಹತ್ತಲು ನಮಗೆ ವ್ಯವಧಾನವಿಲ್ಲ, ಮಳೆಗೂ ಇಲ್ಲ.

ಗೋಡೆಯ ಮೇಲಿನ, ಉತ್ತರ ಕನ್ನಡದ ಅಘನಾಶಿನಿ ನದಿಯ ದೊಡ್ಡ ನಕ್ಷೆಯ ಬಣ್ಣ ಇಳಿದು, ಮಿರ್ಜಾನದಿಂದ ತದಡಿಯವರೆಗೆ ಎಲ್ಲವೂ ಒಂದೇ ನೀಲಿಯಾಗಿದೆ. ಸಾಣಿಕಟ್ಟಾದ ಉಪ್ಪಿನ ಹರಳುಗಳು ತಟ್ಟೆಯಲ್ಲೇ ಕರಗಿವೆ. ಚಿಪ್ಪುಗಳಿಗೆ ಮಕ್ಕಳು ಅಂಟಿಸಿದ್ದ ಹೆಸರಿನ ಚೀಟಿಗಳು ಒಂದೂ ಉಳಿದಿಲ್ಲ. ಕಳೆದ ವರ್ಷ ಕುಮಟಾದಿಂದ ತಂದಿಟ್ಟಿದ್ದ, ಉಪ್ಪುನೀರನ್ನೂ ತಾಳುವ ಕಗ್ಗ ಭತ್ತ ಮಾತ್ರ ಡಬ್ಬಿಯೊಳಗೆ ನೀರು ಕುಡಿದು ಮೊಳಕೆಯೊಡೆದಿತ್ತು. ಆರನೆಯ ತರಗತಿಯವರು ಅದನ್ನು ಒಡೆದ ಬಕೆಟ್ಟಿಗೆ ಕೆಸರು ತುಂಬಿ ನೆಟ್ಟಿದ್ದಾರೆ. ದಿನವೂ ಅಡುಗೆ ಮನೆಯಿಂದ ಒಂದು ಹಿಡಿ ಉಪ್ಪು ಕದ್ದು ಅದಕ್ಕೆ ಹಾಕುತ್ತಿದ್ದಾರೆಂದು ಅಡುಗೆಯವರ ದೂರು ಬಂದಿದೆ.

ಈ ಕೋಣೆಯ ಕಥೆ ಹಳಬರಿಗೆ ಹೊಸದಲ್ಲ. ಆದರೂ ಹೋದ ಸಭೆಯಲ್ಲಿ ದಾನಿಗಳೊಬ್ಬರು, ‘ಸಿಂಧನೂರು ಸೀಮೆಗೆ ಸಮುದ್ರ ಯಾಕ್ರೀ, ಅದೇ ದುಡ್ಡಿನಲ್ಲಿ ಸ್ಮಾರ್ಟ್ ಕ್ಲಾಸ್ ಮಾಡಿ’ ಎಂದರು. ಅವರ ಮಾತಿನಲ್ಲಿ ದುರುದ್ದೇಶವಿಲ್ಲ. ಆದರೆ ನಮ್ಮ ದೊಡ್ಡ ಮಾಸ್ತರರು ಕುಮಟಾ ಕಡೆಯಿಂದ ಬಂದು ಈ ಊರಿನಲ್ಲೇ ಬದುಕು ಸವೆಸಿದವರು. ಮೊದಲ ಸಂಬಳದಲ್ಲಿ ಅವರು ಮಾಡಿಸಿದ್ದು ತಗಡಿನ ತೊಟ್ಟಿಯ ಉಬ್ಬರ-ಇಳಿತದ ಮಾದರಿ. ಅದರ ಮುಂದೆ ನಿಂತು ಅವರು ಹೇಳುತ್ತಿದ್ದುದು ಒಂದೇ: ಉಪ್ಪು ಬಂತೆಂದು ಹೊಲ ಬಿಟ್ಟವರನ್ನು ನೀವು ಇಲ್ಲಿ ನೋಡಿದ್ದೀರಿ, ಉಪ್ಪಿನಲ್ಲೇ ಉಣ್ಣುವವರನ್ನೂ ಒಮ್ಮೆ ನೋಡಬೇಕು.

ನಮ್ಮ ಹೊಲಗಳ ಗತಿ ನಿಮಗೆ ಗೊತ್ತೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದಿತು, ಸೋನಾ ಮಸೂರಿ ಬಂದಿತು, ಊರಿಗೆ ಹೆಸರೂ ಬಂದಿತು. ಹಿಂದೆಯೇ ಸವಳು-ಜವಳೂ ಬಂದಿತು. ಬಸಿಗಾಲುವೆ ಇಲ್ಲದೆ ವರ್ಷಾನುಗಟ್ಟಲೆ ನೀರು ನಿಂತ ಕಡೆ ನೆಲದಾಳದ ಲವಣ ಮೇಲಕ್ಕೆ ಏರುತ್ತದೆ. ಬೇಸಿಗೆಯಲ್ಲಿ ಹೊಲದ ಮೇಲೆ ಸುಣ್ಣ ಬಳಿದಂತೆ ಕಾಣುವುದು ಅದೇ. ಅಂಥ ಹೊಲದವರ ಮಕ್ಕಳು ನಮ್ಮಲ್ಲಿ ಓದುತ್ತಿದ್ದಾರೆ. ಅವರಲ್ಲಿ ಹಲವರ ತಂದೆತಾಯಿ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಮಕ್ಕಳು ವಸತಿನಿಲಯದಲ್ಲಿ ಉಳಿಯುತ್ತಾರೆ. ಹಬ್ಬಕ್ಕೆ ಊರಿಗೆ ಹೋದರೆ ಮನೆಗೆ ಬೀಗ.

ಮಾಸ್ತರರು ಹೇಳಿದ, ಉಪ್ಪಿನಲ್ಲೇ ಉಣ್ಣುವವರು ಇರುವುದು ಅಘನಾಶಿನಿಯ ಅಳಿವೆಯಲ್ಲಿ, ಅಂದರೆ ನದಿ ಕಡಲು ಸೇರುವಲ್ಲಿ. ಅಲ್ಲಿ ದಿನಕ್ಕೆ ಎರಡು ಸಲ ಕಡಲು ಒಳಕ್ಕೆ ಬರುತ್ತದೆ, ಎರಡು ಸಲ ಹಿಂದೆ ಸರಿಯುತ್ತದೆ. ಇವತ್ತಿನ ಉಬ್ಬರಕ್ಕಿಂತ ನಾಳಿನದು ಸುಮಾರು 50 ನಿಮಿಷ ತಡ. ಅಲ್ಲಿನವರಿಗೆ ಗಡಿಯಾರಕ್ಕಿಂತ ಚಂದ್ರನೇ ಹೆಚ್ಚು. ದಂಡೆಯ ಗಜನಿ ಭೂಮಿಗೆ, ಅಂದರೆ ಉಬ್ಬರದ ನೀರು ಏರುವ ತಗ್ಗು ಗದ್ದೆಗಳಿಗೆ, ಮಣ್ಣಿನ ಕಟ್ಟೆ ಕಟ್ಟಿ, ಹಲಗೆಯ ಬಾಗಿಲು ಇಟ್ಟು ಕಡಲನ್ನು ತಡೆಯುತ್ತಾರೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಕಗ್ಗ ಬಿತ್ತುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ಕೆಲವು ದಿನ ನೀರಿನಲ್ಲಿ ಮುಳುಗಿದರೂ, ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ಕೆಂಪಕ್ಕಿಯ ತಳಿ ಅದು. ಕೊಯ್ಯುವಾಗ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆರೆದರೆ ಉಬ್ಬರದ ಜೊತೆ ಮೀನು, ಸಿಗಡಿ ಒಳಗೆ ಬಂದು ಆ ಹುಲ್ಲಿನ ಕೊಳೆತವನ್ನು ತಿಂದು ಬೆಳೆಯುತ್ತವೆ. ಒಂದೇ ನೆಲ, ಒಂದೇ ವರ್ಷ, ಮೊದಲು ಅನ್ನ, ನಂತರ ಮೀನು. ಮಾಣಿಕಟ್ಟಾದಲ್ಲಿ ರೈತರು ಒಟ್ಟುಗೂಡಿ ಈಗಲೂ ಇದನ್ನು ನಡೆಸುತ್ತಿದ್ದಾರೆ. ಬೇರೆ ಕಡೆ ಕಟ್ಟೆ ಒಡೆದು ಗಜನಿ ಪಾಳು ಬಿದ್ದದ್ದೂ ಉಂಟು, ಅದನ್ನೂ ಮಕ್ಕಳಿಗೆ ತೋರಿಸುತ್ತೇವೆ.

ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಹೆಂಗಸರು ಬಳಚು ಎಂಬ ಚಿಪ್ಪುಜೀವಿ ಹೆಕ್ಕುವುದು, ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬೇರು ಕೆಸರಿನಿಂದ ಮೇಲೆದ್ದು ಉಸಿರಾಡುವುದು, ಹಾಲಕ್ಕಿ ಸಮುದಾಯದ ಹೆಂಗಸರ ಕೊರಳು ತುಂಬ ಮಣಿಸರ, ಕರಿಮೆಣಸಿನ ರಾಣಿ ಎಂದು ಪೋರ್ಚುಗೀಸರೇ ಕರೆದ ಚೆನ್ನಭೈರಾದೇವಿಯ ನೆನಪಿನ ಮಿರ್ಜಾನ ಕೋಟೆ: ಇವೆಲ್ಲ ಪುಸ್ತಕದ ಚಿತ್ರದಿಂದ ಮನಸ್ಸಿಗೆ ಇಳಿಯುವಂಥವಲ್ಲ. ತದಡಿಯಲ್ಲಿ 4,000 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದು, ಜನ ಒಪ್ಪದೆ ಅದು ನಿಂತುಹೋಯಿತು. ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಚಿಮಣಿ ಕಂಡ ನಮ್ಮ ಜಿಲ್ಲೆಯ ಮಕ್ಕಳು ಆ ಮಾತು ಬಂದಾಗ ಕೇಳುವ ಪ್ರಶ್ನೆಗಳೇ ಬೇರೆ. ಶಿಕ್ಷಕರೂ ತಡವರಿಸುತ್ತಾರೆ.

2024ರ ಜನವರಿ ಕೊನೆಯಲ್ಲಿ ರಾಜ್ಯದ ಮೂರು ಜಾಗಗಳು ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದವು: ಗದಗ ಜಿಲ್ಲೆಯ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ, ಜೊತೆಗೆ 4,801 ಹೆಕ್ಟೇರಿನ ಅಘನಾಶಿನಿ ಅಳಿವೆ. ಅದಕ್ಕೆ ಮೊದಲು ಕರ್ನಾಟಕದಲ್ಲಿ ರಂಗನತಿಟ್ಟು ಒಂದೇ ಇತ್ತು. ಜಗತ್ತು ಈಗ ಗುರುತಿಸಿದ ಅಳಿವೆಯನ್ನು ನಮ್ಮ ದೊಡ್ಡ ಮಾಸ್ತರರು ತಗಡಿನ ತೊಟ್ಟಿಯಲ್ಲಿ ಎಂದೋ ತೋರಿಸಿದ್ದರು. ಹೆಮ್ಮೆ ಹೇಳಿಕೊಂಡೆವೆಂದು ಯಾರೂ ಬೇಸರಿಸಬಾರದು. ಅದೇ ತೊಟ್ಟಿಗೆ ಜಿಲ್ಲಾ ಮಟ್ಟದ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಬಹುಮಾನ ಬಂದಿದೆ. ಅದರ ಮುಂದೆ ನಿಂತು ಕಲಿತವರಲ್ಲಿ ಇಬ್ಬರು ಇಂದು ಕೃಷಿ ಪದವೀಧರರು; ಒಬ್ಬರು ಸವಳು ಭೂಮಿಯ ಸುಧಾರಣೆಯ ಕೆಲಸದಲ್ಲೇ ಇದ್ದಾರೆ. ವಸತಿನಿಲಯ ಕಟ್ಟುವಾಗ ಊರೂರು ತಿರುಗಿ ಜೋಳ ಎತ್ತಿದ್ದು, ಸರಕಾರದ ಒಂದು ಪೈಸೆ ಇಲ್ಲದೆ ಬಾವಿ ತೋಡಿಸಿದ್ದು, ಬರಗಾಲದಲ್ಲೂ ದಾಸೋಹ ನಿಲ್ಲದೆ ನಡೆದದ್ದು ನಿಮ್ಮ ಕಣ್ಣೆದುರಿನ ಸಂಗತಿಗಳು.

ಈಗ ಖರ್ಚಿನ ಮಾತು. ಮಾಳಿಗೆಯ ಚಪ್ಪಡಿ ತೆಗೆದು ಆರ್‌ಸಿಸಿ ಹಾಕಲು ಮೂರೂವರೆ ಲಕ್ಷದ ಆಸುಪಾಸು ಬೇಕೆಂದು ಎಂಜಿನಿಯರರು ಹೇಳಿದ್ದಾರೆ. ಕಬ್ಬಿಣದ ದರ ನೋಡಿದರೆ ನಾಲ್ಕು ಎಂದೇ ಹಿಡಿಯಬೇಕು. ನಕ್ಷೆ, ಗಾಜಿನ ಕಪಾಟು, ತೊಟ್ಟಿಯ ರಿಪೇರಿಗೆ ಅರವತ್ತು ಸಾವಿರದಷ್ಟು. ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳನ್ನು ಈ ಸಲ ಹುಬ್ಬಳ್ಳಿ-ಅಂಕೋಲಾ ದಾರಿಯಾಗಿ ಕುಮಟಾಕ್ಕೆ ಕರೆದೊಯ್ಯಲು ಎರಡು ಬಸ್, ಊಟ, ವಸತಿ ಸೇರಿ ಒಂದೂಕಾಲು ಲಕ್ಷ. ಮಾಳಿಗೆ ಮಳೆ ನಿಂತ ಕೂಡಲೇ ಆಗಬೇಕು. ಪ್ರವಾಸ ಕಗ್ಗ ಗದ್ದೆಯಲ್ಲಿರುವಾಗಲೇ ಆಗಬೇಕು, ಕೊಯ್ಲಾದ ಮೇಲೆ ಹೋದರೆ ಬರೀ ನೀರು ನೋಡಿ ಬರಬೇಕಾಗುತ್ತದೆ. ಹೀಗಾಗಿ ಎರಡೂ ಒಟ್ಟಿಗೆ ಕೇಳಬೇಕಾಗಿದೆ. 2024ರಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿ ರೈತರೆಲ್ಲ ಕಂಗಾಲಾಗಿದ್ದಾಗ ನಾವು ಯಾರ ಮುಂದೆಯೂ ಕೈ ಚಾಚಲಿಲ್ಲ ಎಂಬುದನ್ನು ನೆನಪಿಸುತ್ತೇವೆ.

ಹಣವೇ ಆಗಬೇಕೆಂದಿಲ್ಲ. ಸಿಮೆಂಟ್, ಕಬ್ಬಿಣ, ಮರಳು ಕೊಡಿಸುವವರು ಕೊಡಿಸಬಹುದು. ಸೆಂಟ್ರಿಂಗ್ ಸಾಮಾನು ಇರುವ ಹಳೆಯ ವಿದ್ಯಾರ್ಥಿಗಳು ಹದಿನೈದು ದಿನಕ್ಕೆ ಬಿಟ್ಟುಕೊಟ್ಟರೂ ಸಾಕು. ಒಂದು ಮಗುವಿನ ಪ್ರವಾಸದ ಖರ್ಚನ್ನು ಹಿರಿಯರ ಹೆಸರಿನಲ್ಲಿ ವಹಿಸಿಕೊಳ್ಳುವವರ ಹೆಸರನ್ನು ಶಾಲೆಯ ವಾರ್ಷಿಕ ವರದಿಯಲ್ಲಿ ಮುದ್ರಿಸುತ್ತೇವೆ. ಪ್ರತಿ ದೇಣಿಗೆಗೂ ರಸೀದಿ ಇದೆ. ಬಸ್ಸಿನವರು ಮುಂಗಡ ಕೇಳಿರುವುದು ದಸರೆಯ ಮರುದಿನಕ್ಕೆ. ಆದ್ದರಿಂದ ಪ್ರವಾಸಕ್ಕೆ ಕೊಡುವವರು ಮಹಾನವಮಿಯೊಳಗೆ, ಮಾಳಿಗೆಗೆ ಕೊಡುವವರು ದೀಪಾವಳಿಯೊಳಗೆ ಶಾಲೆಯ ಕಚೇರಿಗೆ ತಲುಪಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಆಡಳಿತ ಮಂಡಳಿಯ ಅಧ್ಯಕ್ಷರು ಮತ್ತು ಸದಸ್ಯರು