ಹಳೆಯ ಆಟದ ಟೇಪುಗಳಿಗೆ ಎಫ್‌ಎಫ್‌ವಿ1 ಕೋಡೆಕ್ ಬೇಕು

ಮಾನ್ಯ ಸಂಪಾದಕರೇ,

ಯಕ್ಷಗಾನದ ಹಳೆಯ ವಿಡಿಯೊ ಟೇಪುಗಳನ್ನು ಡಿಜಿಟಲ್ ಮಾಡಿಸುವ ಕೆಲಸ ಕರಾವಳಿಯಲ್ಲಿ ಅಲ್ಲಲ್ಲಿ ನಡೆಯುತ್ತಿದೆ. ಬಹಳ ಸಂತೋಷ. ಆದರೆ ಅದಕ್ಕೆ ಬಳಸುವ ಎನ್‌ಕೋಡಿಂಗ್ ಸಾಫ್ಟ್‌ವೇರ್‌ನಲ್ಲಿ ಎಫ್‌ಎಫ್‌ವಿ1 ಎಂಬ ಕೋಡೆಕ್ (ವಿಡಿಯೊವನ್ನು ಹಿಂಡಿ ಫೈಲಾಗಿಸುವ, ಮತ್ತೆ ಬಿಚ್ಚುವ ವಿಧಾನ) ಸೇರಲೇಬೇಕು ಎಂದು ಕೇಳಿಕೊಳ್ಳಲು ಈ ಪತ್ರ. ತೊಂಬತ್ತರ ದಶಕದಿಂದ ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಆಟಗಳನ್ನು (ಪ್ರದರ್ಶನಗಳನ್ನು) ಚಿತ್ರೀಕರಿಸುತ್ತ ಬಂದವನು ನಾನು. ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲವಿಡೀ ಸ್ಟುಡಿಯೊದಲ್ಲಿ ಕೂತು ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದೇ ಕೆಲಸ.

ನಮ್ಮ ಕಡೆಯ ತೇವಕ್ಕೆ ಕ್ಯಾಸೆಟ್ಟಿನೊಳಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಒಮ್ಮೆ ಓಡಿಸಿದರೆ ವಿಸಿಆರ್‌ನ ಹೆಡ್ ಕಟ್ಟಿಕೊಳ್ಳುತ್ತದೆ, ಟೇಪಿನ ಪುಡಿ ಉದುರುತ್ತದೆ. ಎರಡನೇ ಸಲ ಅದೇ ಚಿತ್ರ ಬರುತ್ತದೆಂಬ ಭರವಸೆ ಇಲ್ಲ. ಹೊಸ ವಿಸಿಆರ್ ಸಿಗುವುದಿಲ್ಲ; ಕಡೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನೈ ಕಂಪನಿ 2016ರಲ್ಲಿ ನಿಲ್ಲಿಸಿಬಿಟ್ಟಿತು. ಹಾಗಾಗಿ ಟೇಪಿನಿಂದ ಒಂದು ಸಲ ಬಂದ ಚಿತ್ರವನ್ನು ಬಂದ ಹಾಗೆಯೇ ಹಿಡಿದಿಡಬೇಕು.

ಈಚೆಗೆ ಒಂದು ಸಂಸ್ಥೆಯ ಕ್ಯಾಸೆಟ್‌ಗಳನ್ನು ಅವರೇ ಕೊಟ್ಟ ಸಾಫ್ಟ್‌ವೇರ್‌ನಲ್ಲಿ ಇಳಿಸಬೇಕಾಗಿ ಬಂತು. ಅದರ ಮೆನುವಿನಲ್ಲಿ ಇದ್ದದ್ದು ಎಂಪೆಗ್-2 ಮತ್ತು ಎಚ್.264 ಎಂಬ ಕೋಡೆಕ್‌ಗಳು ಮಾತ್ರ. ಎಚ್.264 ಬಗ್ಗೆ ನನಗೆ ತಕರಾರಿಲ್ಲ, ಮೊಬೈಲಿಗೆ ಕಳಿಸಲು ನಾನೂ ಅದನ್ನೇ ಬಳಸುತ್ತೇನೆ. ಆದರೆ ಫೈಲು ಚಿಕ್ಕದಾಗಲೆಂದು ಕಣ್ಣಿಗೆ ಬೀಳದು ಎನಿಸಿದ್ದನ್ನೆಲ್ಲ ಅದು ಬಿಸಾಡುತ್ತ ಹೋಗುತ್ತದೆ. ವಿಎಚ್‌ಎಸ್‌ನಲ್ಲಿ ಬಣ್ಣ ಮೊದಲೇ ಮಸುಕು. ಉಳಿದಿರುವ ಅಷ್ಟನ್ನೂ ಹಿಂಡಿದರೆ ಕಸೆಸೀರೆಯ ಚೌಕುಳಿ ಪೂರ್ತಿ ಕಲಸಿಹೋಗುತ್ತದೆ.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಮಂಡಿ ಹಾಕುವ ದೃಶ್ಯ. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯ ಟೇಪಿನಲ್ಲಿ ಸೆಕೆಂಡಿಗೆ 50 ಫೀಲ್ಡ್‌ಗಳು, ಅಂದರೆ ಒಂದು ಬಿಟ್ಟು ಒಂದು ಸಾಲಿನ ಅರ್ಧ ಚಿತ್ರಗಳು, ಇರುತ್ತವೆ, ಒಂದೊಂದೂ ಬೇರೆ ಬೇರೆ ಕ್ಷಣದ್ದು. ಆ ಸಾಫ್ಟ್‌ವೇರ್ ಕೇಳದೆಯೇ ಅವುಗಳನ್ನು ಬೆರೆಸಿ 25 ಫ್ರೇಮ್ ಮಾಡಿತು. ಅರ್ಧ ಚಲನೆ ಅಲ್ಲೇ ಹೋಯಿತು. ಮೊಣಕಾಲ ಮೇಲೆ ಗಿರ್ರನೆ ತಿರುಗುವ ಕಲಾವಿದನ ಕೈ ಎರಡೆರಡಾಗಿ, ನೆರಳಿನಂತೆ ಕಂಡಿತು. ಈಗ ತೀರಿಕೊಂಡಿರುವ ಹಿರಿಯರ ಮಂಡಿ ನೋಡಿ ಕಲಿಯಬೇಕೆಂದು ಬರುವ ಹುಡುಗನಿಗೆ ಅದರಲ್ಲಿ ಏನು ತೋರಿಸೋಣ?

ಎಫ್‌ಎಫ್‌ವಿ1ರಲ್ಲಿ ಒಂದು ಬಿಟ್ ಕೂಡ ಕಳೆಯುವುದಿಲ್ಲ. ಬಿಚ್ಚಿದರೆ ಒಳಹೋದದ್ದೇ ಹೊರಬರುತ್ತದೆ. 2003ರಲ್ಲಿ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ವಿಡಿಯೊ ತಂತ್ರಾಂಶ ಯೋಜನೆಯ ಮೈಕೆಲ್ ನೀಡರ್‌ಮೇಯರ್ ಅದನ್ನು ಬರೆದರು. 2021ರಲ್ಲಿ ಅದರ ಪೂರ್ತಿ ವಿವರ ಆರ್‌ಎಫ್‌ಸಿ 9043 ಎಂಬ, ಯಾರು ಬೇಕಾದರೂ ಓದಬಹುದಾದ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಪ್ರಕಟವಾಗಿದೆ. ನಾಳೆ ಯಾವ ಕಂಪನಿ ಬಾಗಿಲು ಹಾಕಿದರೂ ಆ ವಿವರ ಓದಿ ಹೊಸದಾಗಿ ಡಿಕೋಡರ್ ಬರೆಯಬಹುದು, ಯಾರಿಗೂ ರಾಯಲ್ಟಿ ಕಟ್ಟಬೇಕಿಲ್ಲ. ಅದರ ಮೂರನೇ ಆವೃತ್ತಿಯಲ್ಲಿ ಪ್ರತಿ ಫ್ರೇಮನ್ನು ತುಂಡುಗಳಾಗಿ ಮಾಡಿ ತುಂಡಿಗೊಂದು, ಒಳಗಿನದು ಬದಲಾಗಿದೆಯೇ ಎಂದು ತಾಳೆ ನೋಡುವ ಚೆಕ್‌ಸಮ್ ಇಡಲು ಬರುತ್ತದೆ. ಡಿಸ್ಕ್ ಹಾಳಾಗತೊಡಗಿದರೆ ಯಾವ ಫ್ರೇಮಿನ ಯಾವ ಭಾಗ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ವಿಯೆನ್ನಾದ ಆಸ್ಟ್ರಿಯನ್ ಮೀಡಿಯಾಥೆಕ್ ಎಂಬ ಧ್ವನಿ-ದೃಶ್ಯ ಸಂಗ್ರಹಾಲಯ ತನ್ನ ವಿಡಿಯೊ ಸಂಗ್ರಹಕ್ಕೆ ಇದನ್ನೇ ಆರಿಸಿಕೊಂಡಿದೆ.

ಜಾಗ ಸಾಲದು ಎನ್ನುವವರಿಗೆ ಲೆಕ್ಕ ಹೇಳುತ್ತೇನೆ. ಏನೂ ಹಿಂಡದೆ ಇಟ್ಟರೆ ಪಾಲ್ ವಿಡಿಯೊ ಗಂಟೆಗೆ ಸುಮಾರು 75 ಜಿಬಿ ಆಗುತ್ತದೆ. ಎಫ್‌ಎಫ್‌ವಿ1 ಅದನ್ನು ಸಾಮಾನ್ಯವಾಗಿ ಅರ್ಧಕ್ಕೆ, ಕೆಲವೊಮ್ಮೆ ಇನ್ನೂ ಕೆಳಗೆ ತರುತ್ತದೆ. ಎಂಟು ಗಂಟೆಯ ಇಡೀ ರಾತ್ರಿಯ ಆಟಕ್ಕೆ ಸುಮಾರು 300 ಜಿಬಿ ಹಿಡಿಯಿರಿ. 4 ಟಿಬಿಯ ಒಂದು ಡಿಸ್ಕಿನಲ್ಲಿ ಹತ್ತು ಆಟಗಳಿಗೂ ಮಿಕ್ಕಿ ಕೂರುತ್ತವೆ. ಸುರಕ್ಷತೆಗೆ ಎರಡು ಡಿಸ್ಕ್ ಇಟ್ಟರೂ ಆ ಖರ್ಚು ಒಂದು ಆಟ ಆಡಿಸುವ ಖರ್ಚಿನ ಹತ್ತಿರಕ್ಕೂ ಬರದು.

ಆ ಸಾಫ್ಟ್‌ವೇರ್ ಮಾಡಿದವರಿಗೆ ಫೋನ್ ಮಾಡಿದಾಗ, ‘ಇದನ್ನು ಕೇಳುವವರೇ ಇಲ್ಲ ಸರ್’ ಎಂದರು. ಕೇಳುತ್ತಿದ್ದೇನಲ್ಲ! ಇಂಥ ಹೆಚ್ಚಿನ ಸಾಫ್ಟ್‌ವೇರ್‌ಗಳ ಹೊಟ್ಟೆಯಲ್ಲಿರುವುದು ಎಫ್‌ಎಫ್‌ಎಂಪೆಗ್‌ನ ಲೈಬ್ರರಿಯೇ, ಎಫ್‌ಎಫ್‌ವಿ1 ಅದರೊಳಗೆ ಆಗಲೇ ಇದೆ. ಕೋಡೆಕ್ಕನ್ನು ಹೊಸದಾಗಿ ಬರೆಯುವ ಕಷ್ಟ ಇಲ್ಲ. ಹಾಗೆಂದು ಮೆನುವಿಗೆ ಒಂದು ಹೆಸರು ಸೇರಿಸಿ ಕೈತೊಳೆದುಕೊಂಡರೂ ಆಗದು. ಎನ್‌ಕೋಡರಿಗೆ ಹೋಗುವ ಮೊದಲೇ ಬಣ್ಣದ ವಿವರವನ್ನು 4:2:2ರಿಂದ 4:2:0ಕ್ಕೆ, ಅಂದರೆ ಅರ್ಧಕ್ಕೆ, ಇಳಿಸುವ ಹಂತ ಹಾಗೇ ಉಳಿದರೆ, ಆಮೇಲೆ ಯಾವ ನಷ್ಟರಹಿತ ಕೋಡೆಕ್ ಬಂದರೂ ಕಳೆದದ್ದು ಕಳೆದಂತೆಯೇ. ಆ ಹಂತ ತೆಗೆಯಬೇಕು. ಫೀಲ್ಡ್‌ಗಳನ್ನು ಬೆರೆಸದೆ, ಯಾವುದು ಮೊದಲಿನದು ಎಂಬ ಗುರುತಿನೊಂದಿಗೆ ಬಿಡಬೇಕು. ಮೂರನೇ ಆವೃತ್ತಿ ಮತ್ತು ಚೆಕ್‌ಸಮ್ ತಾವಾಗಿಯೇ ಆನ್ ಇರಬೇಕು, ಫೈಲು ಮಟ್ರೋಸ್ಕ (.mkv) ಎಂಬ ಫೈಲ್ ರೂಪದಲ್ಲಿ ಬರಬೇಕು. ಕೊನೆಗೆ ಎನ್‌ಕೋಡ್ ಮಾಡಿ, ಮತ್ತೆ ಬಿಚ್ಚಿ, ಎರಡೂ ಬಿಟ್ ಬಿಟ್ಟಿಗೆ ಸರಿಹೊಂದುತ್ತವೆಯೇ ಎಂದು ನೋಡುವ ಪರೀಕ್ಷೆಯೊಂದು ಬೇಕೇ ಬೇಕು. ಬೆಂಗಳೂರು, ಮಂಗಳೂರು, ಮಣಿಪಾಲದಲ್ಲಿರುವ ನಮ್ಮ ಹುಡುಗ ಹುಡುಗಿಯರಿಗೆ ಇದು ದೊಡ್ಡ ಮಾತಲ್ಲ. ಯಾರಾದರೂ ಮುಂದೆ ಬಂದರೆ ಪರೀಕ್ಷೆಗೆ ಬೇಕಾದ ಟೇಪು, ವಿಸಿಆರ್ ನಾನು ಕೊಡುತ್ತೇನೆ.

ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಡಿಜಿಟಲೀಕರಣಕ್ಕೆ ಟೆಂಡರ್ ಕರೆಯುವಾಗ ‘ಮೂಲ ಪ್ರತಿ ಎಫ್‌ಎಫ್‌ವಿ1ರಲ್ಲಿ, ನೋಡುವ ಪ್ರತಿ ಎಚ್.264ರಲ್ಲಿ’ ಎಂಬ ಒಂದು ಸಾಲು ಬರೆಸಲಿ, ಸಾಫ್ಟ್‌ವೇರ್‌ನವರು ತಾವಾಗಿ ಸೇರಿಸುತ್ತಾರೆ. ಈಗಾಗಲೇ ಎಂಪಿ4 ಮಾಡಿಸಿಕೊಂಡವರು ದಯವಿಟ್ಟು ಕ್ಯಾಸೆಟ್‌ಗಳನ್ನು ಗುಜರಿಗೆ ಹಾಕಬೇಡಿ. ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಸರಿಯಾದ ಸಾಫ್ಟ್‌ವೇರ್ ಬಂದ ಮೇಲೆ ಅವುಗಳನ್ನು ಮತ್ತೊಮ್ಮೆ ಓಡಿಸಬೇಕಾಗುತ್ತದೆ.

– ಒಬ್ಬ ವಿಡಿಯೊಗ್ರಾಫರ್, ಕುಂದಾಪುರ