ಅಕ್ಕನಿಗೂ ಸಿಟ್ಟು ಬರಲಿ

ಪ್ರೀತಿಯ ತಂಗಿ,

ನಿನ್ನ ಕತೆ ಕೈಸೇರಿತು. ಕೂತಲ್ಲೇ ಓದಿ ಮುಗಿಸಿದೆ. ಯಾವ ಪತ್ರಿಕೆಗೆ ಕಳಿಸಲಿ, ಎಷ್ಟು ಪುಟ ಇರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ, ಬಿಡು. ನನಗೆ ನಿನ್ನ ಕತೆಯೊಳಗಿನ ಆ ಅಕ್ಕನ ಬಗ್ಗೆ ಮಾತಾಡಬೇಕಿದೆ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಕೊಡಗಿನ ಮಕ್ಕಂದೂರಿನ ಕಾಫಿ ತೋಟ ಅವಳ ತಲೆಗೆ ಬಂತು. ಸಿಲ್ವರ್ ಓಕ್ ಮರ ಮಾರಿ ತಮ್ಮನನ್ನು ಬೆಂಗಳೂರಿನಲ್ಲಿ ಓದಿಸಿದಳು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಅರ್ಧ ತೋಟ ಹೋಯಿತು. ಪರಿಹಾರ ಕೇಂದ್ರಕ್ಕೆ ತಮ್ಮ ಬಂದ, ಅಕ್ಕ ತಬ್ಬಿಕೊಂಡು ಅತ್ತಳು, ಕತೆ ಮುಗಿಯಿತು. ಓದಿದವರೆಲ್ಲ ಕಣ್ಣೀರು ಹಾಕಿದರು ಅಂತ ಬರೆದಿದ್ದೀಯ. ಹಾಕಿರಬಹುದು. ಆದರೆ ಮಾರಾಯ್ತಿ, ಅಷ್ಟು ವರ್ಷದಲ್ಲಿ ಅವಳಿಗೆ ಒಂದು ಸಲವೂ ಸಿಟ್ಟು ಬರಲಿಲ್ವಾ?

ಹೊಣೆ ಹೊತ್ತವರು ಲೆಕ್ಕ ಇಡುತ್ತಾರೆ. ಬಾಯಿಬಿಟ್ಟು ಹೇಳದಿದ್ದರೂ ಇಡುತ್ತಾರೆ. ಯಾವ ವರ್ಷ ಮೆಣಸು ಬಳ್ಳಿಯಲ್ಲಿರುವಾಗಲೇ ವ್ಯಾಪಾರಿಯಿಂದ ಮುಂಗಡ ತಂದಿದ್ದು, ಯಾವ ಸಲ ಗಂಡಿನ ಕಡೆಯವರಿಗೆ ಆಮೇಲೆ ಹೇಳ್ತೀವಿ ಅಂದಿದ್ದು, ಎಲ್ಲ ನೆನಪಿರುತ್ತದೆ. ಪ್ರೀತಿ ಎಷ್ಟೇ ಇರಲಿ, ನೆನಪಿರುತ್ತದೆ.

ತಮ್ಮನನ್ನೂ ನೀನು ಸರಿಯಾಗಿ ನೋಡಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಂತು ಕಣೋ ಅಂತ ಅವಳು ಖುಷಿಯಿಂದ ಫೋನ್ ಮಾಡಿದರೆ, ಮೀಟಿಂಗ್‌ನಲ್ಲಿದ್ದೀನಿ ಅಂತ ಇಟ್ಟುಬಿಡುತ್ತಾನೆ. ಅವನು ಕೆಟ್ಟವನಲ್ಲ. ಋಣ ಜಾಸ್ತಿಯಾದವನಿಗೆ ಆ ದನಿ ಕೇಳುವುದೇ ಕಷ್ಟ.

ಆ ತೋಟ ಜಮ್ಮಾ ಜಾಗ, ಅಂದರೆ ಒಕ್ಕಕ್ಕೆ (ಮನೆತನಕ್ಕೆ) ತಲೆಮಾರಿನಿಂದ ಬಂದ ಜಮೀನು ಅಂತ ನೀನೇ ಬರೆದಿದ್ದೀಯ. ಬರೆದು ಸುಮ್ನೆ ಮುಂದೆ ಹೋಗಿದ್ದೀಯ! ಆಗಿನ ಪಹಣಿಯಲ್ಲಿ ಹೆಚ್ಚಾಗಿ ಒಕ್ಕದ ಹಿರಿಯನಾದ ಪಟ್ಟೆದಾರನ ಹೆಸರು, ಒಕ್ಕದ ಗಂಡಸರ ಹೆಸರು, ಅದರಲ್ಲಿ ತಮ್ಮನದೂ ಇರುತ್ತದೆ. ದುಡಿಯುವ ಅಕ್ಕನದು ಇರುವುದಿಲ್ಲ. ಸಾಲಕ್ಕೆ ಬ್ಯಾಂಕಿಗೆ ಹೋದರೆ ಅವನ ಸಹಿ ಬೇಕು. ಬರುವ ವಾರ ಬರ್ತೀನಿ ಅನ್ನುತ್ತಾನೆ. ಗೊಬ್ಬರ ಹಾಕುವ ಹೊತ್ತು ಮೀರುತ್ತದೆ. ನಿನ್ನ ಕತೆ ಇರುವುದು ಅಲ್ಲಿ. ಗುಡ್ಡ ಕುಸಿಯುವ ತನಕ ಕಾಯಬೇಕಾಗಿಲ್ಲ.

ಈ ವಿಷಯದಲ್ಲಿ ನನಗೆ ಹಳೆಯ ನೋವಿದೆ. ನಾನು ಹೊಸದಾಗಿ ಬರೆಯುತ್ತಿದ್ದಾಗ ಒಬ್ಬ ಸಂಪಾದಕರು ನನ್ನ ಕತೆಯ ಕೊನೆ ಬದಲಿಸಿ ಅಚ್ಚು ಹಾಕಿದರು. ತಂಗಿಯ ಮದುವೆ ಸಾಲ ತೀರಿಸಿ ಸೋತುಹೋದ ಅಣ್ಣ ಅವಳ ಮನೆಗೆ ಹೋಗುವುದನ್ನೇ ಬಿಡುತ್ತಾನೆ, ನಾನು ಬರೆದದ್ದು ಅಷ್ಟೇ. ಅವರು ಅವನ ಕೈಗೆ ಹುತ್ತರಿಯ, ನಮ್ಮ ಸುಗ್ಗಿ ಹಬ್ಬದ, ಕದಿರು ಕೊಟ್ಟು ತಂಗಿಯ ಮನೆಗೆ ಕಳಿಸಿದರು. ಒಡಹುಟ್ಟಿದವರು ಹಾಗೆಲ್ಲ ಇರಬಾರದು ಅಂದರು. ಇರುತ್ತಾರೆ. ಇದ್ದೂ ಒಬ್ಬರಿಗೊಬ್ಬರು ಜೀವ ಬಿಡುತ್ತಾರೆ. ಅದನ್ನು ಬರೆಯಲು ಬಿಡಲಿಲ್ಲ ಅನ್ನುವ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ. ನಿನ್ನ ಕತೆಯ ಕೊನೆಯನ್ನು ಬೇರೆ ಯಾರೂ ಕೆಡಿಸಿಲ್ಲ, ನೀನೇ ಮೊದಲೇ ಹಾಗೆ ಬರೆದುಬಿಟ್ಟಿದ್ದೀಯ. ನನಗೆ ಬೇಜಾರಾದದ್ದು ಅದಕ್ಕೆ.

ಇಷ್ಟೆಲ್ಲ ಬರೆಯಲು ನನಗಿನ್ನೂ ವಯಸ್ಸಾಗಿಲ್ಲ ಅಂತ ಹೇಳಬೇಡ. ಕತೆಗಾರ್ತಿ ಕೊಡಗಿನ ಗೌರಮ್ಮ 1939ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 27 ವರ್ಷ. ಅಷ್ಟರಲ್ಲೇ ಮನೆಯೊಳಗಿನ ಹೆಂಗಸರ ಕಷ್ಟವನ್ನು ಅವರು ಕಣ್ಣು ತಪ್ಪಿಸದೆ ನೋಡಿದ್ದರು. ನಿನಗೂ ಆ ಕಣ್ಣಿದೆ. ಕಾಫಿ ಕೊಯ್ಯುವಾಗ ಅಕ್ಕ ಆಳುಗಳ ಮುಂದೆ ತಮ್ಮನ ಸಂಬಳ ಹೆಚ್ಚಿಸಿ ಹೇಳುತ್ತಾಳಲ್ಲ, ಆ ಸಾಲು ಓದಿ ನನಗೆ ಹೊಟ್ಟೆಕಿಚ್ಚಾಯಿತು.

ಸದ್ಯಕ್ಕೆ ಇಡೀ ಕತೆ ತಿದ್ದಬೇಡ. ತಮ್ಮ ಕೊನೆಗೂ ಸಹಿ ಹಾಕಲು ಬಂದ ದಿನ ಬ್ಯಾಂಕಿನ ಬೆಂಚಿನ ಮೇಲೆ ಇಬ್ಬರೂ ಏನು ಮಾತಾಡಿದರು, ಅಷ್ಟನ್ನೇ ಬರೆದು ಕಳಿಸು. ಎರಡು ಪುಟ ಸಾಕು.

ನಿನ್ನ
ಅಕ್ಕ
ಮಡಿಕೇರಿ